'ಶೋರೂಮಿಗೇ ತಗೊಂಡೋಗಿ ಸಾರ್': ಹೊಸ ಕಾರಿನ ರಿಪೇರಿ ಯಾಕಿಷ್ಟು ಕಷ್ಟ ಆಯ್ತು?

ಕಾಮಾಕ್ಷಿಪಾಳ್ಯ, ಮಾಗಡಿ ರಸ್ತೆ, ನಾಗರಭಾವಿ, ಕೆಂಗೇರಿ ಉಪನಗರ. ಪಶ್ಚಿಮ ಬೆಂಗಳೂರಿನ ಯಾವುದಾದರೂ ಸಣ್ಣ ಗ್ಯಾರೇಜಿಗೆ ನಾಲ್ಕೈದು ವರ್ಷ ಹಳೆಯ ಕಾರೊಂದನ್ನು ತಗೊಂಡು ಹೋಗಿ. ಆಯಿಲ್ ಬದಲಾಯಿಸಬೇಕು, ಬ್ರೇಕ್ ಪ್ಯಾಡ್ ಹಾಕಬೇಕು ಅಂದರೆ ಕೆಲಸ ತಕ್ಷಣ ಶುರುವಾಗುತ್ತದೆ. ಆದರೆ "ಮೀಟರಿನಲ್ಲಿ ಹಳದಿ ಎಂಜಿನ್ ಲೈಟ್ ಉರೀತಿದೆ, ಪಿಕಪ್ ಇಲ್ಲ" ಅಂತ ಹೇಳಿ ನೋಡಿ. ಮೆಕ್ಯಾನಿಕ್ ಬಾನೆಟ್ ಎತ್ತುತ್ತಾರೆ, ಒಂದು ನಿಮಿಷ ನೋಡುತ್ತಾರೆ, ಮುಚ್ಚುತ್ತಾರೆ. "ಇದು ನಮ್ ಕಡೆ ಆಗಲ್ಲ ಸಾರ್, ಶೋರೂಮಿಗೇ ತಗೊಂಡೋಗಿಬಿಡಿ."

ಆ ಮಾತು ಹೇಳುವವರು ಕೆಲಸ ಬಾರದವರಲ್ಲ. ಮಾರುತಿ 800ರ ಎಂಜಿನ್ ಇಳಿಸಿ, ಬಿಚ್ಚಿ, ಮತ್ತೆ ಕೂರಿಸಿದ ಕೈ ಅದು. ಹಾಗಾದರೆ ಈಗ ಆಗದಿರುವುದು ಯಾಕೆ? 'ಕಾರುಗಳು ಕಾಂಪ್ಲಿಕೇಟೆಡ್ ಆಗಿವೆ' ಎನ್ನುವುದು ಎಲ್ಲರೂ ಕೊಡುವ ಉತ್ತರ. ಅದು ಅರ್ಧ ನಿಜ ಅಷ್ಟೇ. ಇಲ್ಲಿ ಎರಡು ಬಗೆಯ ಕಷ್ಟಗಳು ಬೆರೆತುಹೋಗಿವೆ. ಒಂದು, ತಂತ್ರಜ್ಞಾನದಿಂದ ಬಂದ ಕಷ್ಟ. ಅದನ್ನು ಕಲಿಯಬಹುದು. ಇನ್ನೊಂದು, ಬೇಕಂತಲೇ ಹಾಕಿರುವ ಬೀಗ. ಅದನ್ನು ಎಷ್ಟು ಕಲಿತರೂ ತೆಗೆಯೋಕೆ ಆಗಲ್ಲ, ಯಾಕೆಂದರೆ ಕೀ ಕಂಪನಿ ಹತ್ತಿರ ಇದೆ. ಈ ಎರಡನ್ನೂ ಬೇರೆ ಬೇರೆಯಾಗಿ ನೋಡದಿದ್ದರೆ ಚರ್ಚೆ "ಹಳೇ ಕಾಲವೇ ಚೆನ್ನಾಗಿತ್ತು" ಅನ್ನುವಲ್ಲಿಗೆ ಬಂದು ನಿಂತುಬಿಡುತ್ತದೆ.

ಕಿವಿಯಲ್ಲೇ ಪತ್ತೆ

ಅಂಬಾಸಿಡರ್, ಪ್ರೀಮಿಯರ್ ಪದ್ಮಿನಿ, 1983ರ ಡಿಸೆಂಬರ್‌ನಲ್ಲಿ ರಸ್ತೆಗಿಳಿದ ಮಾರುತಿ 800. ಈ ಕಾರುಗಳಲ್ಲಿ ಪೆಟ್ರೋಲ್ ಮತ್ತು ಗಾಳಿಯನ್ನು ಬೆರೆಸುತ್ತಿದ್ದುದು ಕಾರ್ಬುರೇಟರ್. ಅದೊಂದು ಯಾಂತ್ರಿಕ ಭಾಗ, ಕಣ್ಣಿಗೆ ಕಾಣುವಂಥದ್ದು. ಜೆಟ್ ಕಟ್ಟಿಕೊಂಡರೆ ಬಿಚ್ಚಿ ಊದಿದರೆ ಆಯಿತು. ಐಡ್ಲಿಂಗ್ ಏರುಪೇರಾದರೆ ಸ್ಕ್ರೂ ಡ್ರೈವರ್‌ನಿಂದ ಕಾಲು ಸುತ್ತು ತಿರುಗಿಸಿ ಶಬ್ದ ಕೇಳಿದರೆ ಸಾಕು. ಕಾರ್ ಮಿಸ್ ಹೊಡೆಯುತ್ತಿದ್ದರೆ ಪ್ಲಗ್ ಬಿಚ್ಚಿ ಅದರ ತುದಿಯ ಬಣ್ಣ ನೋಡಿ ಕಾರಣ ಹೇಳುತ್ತಿದ್ದರು.

ಈ ವಿದ್ಯೆ ಕಲಿಸುತ್ತಿದ್ದುದು ಕಾಲೇಜಲ್ಲ. ಹದಿಮೂರು ಹದಿನಾಲ್ಕು ವಯಸ್ಸಿಗೆ ಸ್ಕೂಲ್ ಬಿಟ್ಟ ಹುಡುಗ ಉಸ್ತಾದ್ ಕೈಕೆಳಗೆ ಸೇರಿ, ಮೊದಲು ಸ್ಪ್ಯಾನರ್ ಎತ್ತಿಕೊಡುವುದು, ಆಮೇಲೆ ಪಂಕ್ಚರ್, ಆಮೇಲೆ ಬ್ರೇಕ್, ಕೊನೆಗೆ ಎಂಜಿನ್ ಹೀಗೆ ಹತ್ತು ವರ್ಷದಲ್ಲಿ ತಾನೇ ಉಸ್ತಾದ್ ಆಗುತ್ತಿದ್ದ. (ಇದರಲ್ಲಿ ಬಾಲ ಕಾರ್ಮಿಕ ಪದ್ಧತಿಯೂ ಇತ್ತು ಅನ್ನೋದನ್ನ ಮರೆಯಬಾರದು.) ಪಾರ್ಟ್ ಸಿಗದಿದ್ದರೆ ಜೆ.ಸಿ. ರಸ್ತೆ, ಅಲ್ಲೂ ಇಲ್ಲದಿದ್ದರೆ ಶಿವಾಜಿನಗರದ ಗುಜರಿ. ಬುಷ್ ಥರದ ಸಣ್ಣ ಭಾಗವಾದರೆ ರಾಜಾಜಿನಗರ ಇಂಡಸ್ಟ್ರಿಯಲ್ ಎಸ್ಟೇಟ್‌ನ ಯಾವುದೋ ಲೇತ್‌ನಲ್ಲಿ ಅಳತೆ ಕೊಟ್ಟು ಮಾಡಿಸಿಕೊಂಡು ಬರುತ್ತಿದ್ದರು. ಕಂಪನಿಯ ಅನುಮತಿ ಯಾವ ಹಂತದಲ್ಲೂ ಬೇಕಿರಲಿಲ್ಲ.

ಹಾಗಂತ ಆ ಕಾರುಗಳನ್ನು ಹೊಗಳಿ ಕೂರುವಂತಿಲ್ಲ. ಪದೇ ಪದೇ ಕೆಡುತ್ತಿದ್ದವು, ಬೇಸಿಗೆಯಲ್ಲಿ ಬಿಸಿಯಾಗಿ ನಿಲ್ಲುತ್ತಿದ್ದವು, ಅಪಘಾತವಾದರೆ ಒಳಗಿದ್ದವರಿಗೆ ರಕ್ಷಣೆ ಅನ್ನುವುದೇ ಇರಲಿಲ್ಲ. ರಿಪೇರಿ ಸುಲಭವಿತ್ತು, ರಿಪೇರಿ ಜಾಸ್ತಿಯೂ ಇತ್ತು.

ಹೊಗೆ ಕಡಿಮೆಯಾಗಲು ಬಂದ ಕಂಪ್ಯೂಟರ್

ಕಾರಿನೊಳಗೆ ಕಂಪ್ಯೂಟರ್ ಬಂದದ್ದಕ್ಕೆ ದೊಡ್ಡ ಕಾರಣ ಮಾಲಿನ್ಯ ನಿಯಮ. ಬೆಂಗಳೂರಿಗೆ ಬಿಎಸ್-3 ಬಂದದ್ದು 2005ರಲ್ಲಿ, ಬಿಎಸ್-4 ಬಂದದ್ದು 2010ರ ಏಪ್ರಿಲ್‌ನಲ್ಲಿ. ಬಿಎಸ್-5 ಅನ್ನು ಬಿಟ್ಟು ಇಡೀ ದೇಶ ಬಿಎಸ್-6ಗೆ ಜಿಗಿದದ್ದು 2020ರ ಏಪ್ರಿಲ್ 1ರಂದು. ಪ್ರತಿ ಹಂತದಲ್ಲೂ ಪೆಟ್ರೋಲ್ ಎಷ್ಟು, ಗಾಳಿ ಎಷ್ಟು, ಕಿಡಿ ಯಾವಾಗ ಅನ್ನೋದನ್ನು ಹೆಚ್ಚು ನಿಖರವಾಗಿ ಲೆಕ್ಕ ಹಾಕಬೇಕಾಯಿತು. ಸ್ಕ್ರೂ ಡ್ರೈವರ್‌ಗೆ ಅದು ಸಾಧ್ಯವಿಲ್ಲ. ಹಾಗಾಗಿ ಕಾರ್ಬುರೇಟರ್ ಹೋಗಿ ಎಂಪಿಎಫ್‌ಐ ಬಂತು. ಸೆನ್ಸರ್‌ಗಳು ಬಂದವು, ಅವುಗಳ ಮಾತು ಕೇಳಿ ತೀರ್ಮಾನ ಮಾಡುವ ಇಸಿಯು ಬಂತು.

ಅದರ ಮೇಲೆ ಸುರಕ್ಷತೆಯ ನಿಯಮಗಳು. 2019ರಲ್ಲಿ ಎಬಿಎಸ್ ಮತ್ತು ಡ್ರೈವರ್ ಏರ್‌ಬ್ಯಾಗ್ ಕಡ್ಡಾಯವಾದವು. ಮುಂದಿನ ಪ್ರಯಾಣಿಕರಿಗೂ ಏರ್‌ಬ್ಯಾಗ್ ಇರಲೇಬೇಕು ಅನ್ನುವುದು 2021ರಲ್ಲಿ ಬಂತು. ಇವಕ್ಕೆಲ್ಲ ಬೇರೆ ಬೇರೆ ಕಂಟ್ರೋಲ್ ಯೂನಿಟ್‌ಗಳಿವೆ. ಅವೆಲ್ಲ ಒಂದೇ ಜೋಡಿ ತಂತಿಯ ಮೇಲೆ ಪರಸ್ಪರ ಮಾತಾಡಿಕೊಳ್ಳುತ್ತವೆ. ಎಲ್ಲೋ ಒಂದು ಕಡೆ ತಂತಿಗೆ ತುಕ್ಕು ಹಿಡಿದರೆ ಇನ್ನೆಲ್ಲೋ ಲೈಟ್ ಉರಿಯುತ್ತದೆ.

ಡೀಸೆಲ್ ಕಾರುಗಳಲ್ಲಿ ಈ ಬದಲಾವಣೆ ಇನ್ನೂ ಎದ್ದು ಕಾಣುತ್ತದೆ. ಬೆಂಗಳೂರಿನವರಿಗೆ ಮೈಕೋ ಗೊತ್ತು. 1951ರಲ್ಲಿ ಶುರುವಾಗಿ, ಆಡುಗೋಡಿಯಲ್ಲಿ ಫ್ಯೂಯೆಲ್ ಇಂಜೆಕ್ಷನ್ ಪಂಪ್ ಮತ್ತು ಸ್ಪಾರ್ಕ್ ಪ್ಲಗ್ ಮಾಡುತ್ತಿದ್ದ, ಆಮೇಲೆ ಬಾಷ್ ಎಂದೇ ಹೆಸರಾದ ಕಂಪನಿ. ಹಳೆಯ ಪಂಪುಗಳನ್ನು ಬಿಚ್ಚಿ, ಬೆಂಚಿನ ಮೇಲೆ ಕ್ಯಾಲಿಬ್ರೇಟ್ ಮಾಡಿಕೊಡುವ ಅಂಗಡಿಗಳು ಊರೂರಲ್ಲೂ ಹುಟ್ಟಿಕೊಂಡಿದ್ದವು. ಆಮೇಲೆ ಕಾಮನ್ ರೈಲ್ ಬಂತು. ಇದರಲ್ಲಿ ಪ್ರತಿ ಇಂಜೆಕ್ಟರ್ ಮೇಲೂ ಒಂದು ಕೋಡ್ ಕೆತ್ತಿರುತ್ತಾರೆ. ತಯಾರಿಕೆಯಲ್ಲಿ ಆಗುವ ಕೂದಲೆಳೆಯಷ್ಟು ವ್ಯತ್ಯಾಸವನ್ನು ಸರಿದೂಗಿಸಲು ಆ ಕೋಡನ್ನು ಇಸಿಯುಗೆ ಹೇಳಬೇಕು. ಅಂದರೆ ಹೊಸ ಇಂಜೆಕ್ಟರ್ ತಂದು ಫಿಟ್ ಮಾಡಿದರೆ ಕೆಲಸ ಅರ್ಧ ಮಾತ್ರ ಮುಗಿದಂತೆ. ಉಳಿದರ್ಧ ಸ್ಕ್ಯಾನರ್ ಮೂಲಕ ನಡೆಯಬೇಕು.

ಬಿಎಸ್-6 ಡೀಸೆಲ್‌ನಲ್ಲಿ ಹೊಗೆಯ ಮಸಿಯನ್ನು ಹಿಡಿದಿಡುವ ಡಿಪಿಎಫ್ ಅನ್ನುವ ಫಿಲ್ಟರ್ ಇದೆ. ಮಸಿ ತುಂಬಿದಾಗ ಅದು ತಾನೇ ಬಿಸಿಯಾಗಿ ಸುಟ್ಟುಕೊಳ್ಳಬೇಕು. ಅದಕ್ಕೆ ಗಾಡಿ ಸ್ವಲ್ಪ ಹೊತ್ತು ಒಂದೇ ಸ್ಪೀಡಿನಲ್ಲಿ ಓಡಬೇಕು. ವಿಜಯನಗರದಿಂದ ಬಸವೇಶ್ವರನಗರಕ್ಕೆ ಸಿಗ್ನಲ್‌ನಿಂದ ಸಿಗ್ನಲ್‌ಗೆ ಓಡುವ ಕಾರಿಗೆ ಆ ಯೋಗ ಎಲ್ಲಿಂದ? ಫಿಲ್ಟರ್ ಕಟ್ಟುತ್ತದೆ, ಲೈಟ್ ಬರುತ್ತದೆ. ಶುರುವಿನಲ್ಲೇ ಎಚ್ಚೆತ್ತರೆ ಕೆಂಗೇರಿ ದಾಟಿ ಮೈಸೂರು ಹೆದ್ದಾರಿಯಲ್ಲಿ ಒಂದರ್ಧ ಗಂಟೆ ಓಡಿಸಿದರೆ ಎಷ್ಟೋ ಸಲ ಸರಿಹೋಗುತ್ತದೆ. ತಡವಾದರೆ ಸ್ಕ್ಯಾನರ್‌ನಿಂದ ಬಲವಂತವಾಗಿ ಸುಡಿಸಬೇಕು.

ಇಲ್ಲಿಯವರೆಗೆ ಹೇಳಿದ್ದೆಲ್ಲ ಮೊದಲ ಬಗೆಯ ಕಷ್ಟ. ನಮ್ಮ ಶ್ವಾಸಕೋಶಕ್ಕೆ, ನಮ್ಮ ಜೀವಕ್ಕೆ ಒಳ್ಳೆಯದಾಗಲಿ ಅಂತ ಬಂದದ್ದು. ಇದನ್ನು ಕಲಿಯಬಹುದು, ಎಷ್ಟೋ ಮೆಕ್ಯಾನಿಕ್‌ಗಳು ಯೂಟ್ಯೂಬ್ ನೋಡಿ ಕಲಿತೂ ಇದ್ದಾರೆ.

ಬೀಗ ಎಲ್ಲೆಲ್ಲಿದೆ?

ಸ್ಟಿಯರಿಂಗ್ ಕೆಳಗೆ 16 ಪಿನ್‌ಗಳ ಒಂದು ಸಾಕೆಟ್ ಇರುತ್ತದೆ, ಅದು ಒಬಿಡಿ ಪೋರ್ಟ್. ಅಮೆರಿಕದಲ್ಲಿ 1996ರಿಂದ ಒಬಿಡಿ-2 ಕಡ್ಡಾಯ. ನಮ್ಮಲ್ಲಿ ಬಿಎಸ್-4 ಜೊತೆ ಒಬಿಡಿ ಬಂತು, 2013ರ ಏಪ್ರಿಲ್‌ನಿಂದ ಒಬಿಡಿ-2. ಕಾರಿಗೆ ಏನಾಗಿದೆ ಅಂತ ಹೊರಗಿನವರೂ ಓದಲು ಸಾಧ್ಯವಾಗಿಸುವ ಪ್ರಮಾಣಿತ ಬಾಗಿಲು ಇದು. ಕೆಲವೇ ನೂರು ರೂಪಾಯಿಯ ಬ್ಲೂಟೂತ್ ಡಾಂಗಲ್ ಸಿಕ್ಕಿಸಿ ನಿಮ್ಮ ಫೋನಿನಲ್ಲೇ ಕೋಡ್ ಓದಬಹುದು.

ಆದರೆ ಆ ಬಾಗಿಲು ಮಾಲಿನ್ಯಕ್ಕೆ ಸಂಬಂಧಿಸಿದ ಎಂಜಿನ್ ಮಾಹಿತಿಗಷ್ಟೇ ಪೂರ್ತಿ ತೆರೆದಿದೆ. ಪಿ0 ಅಂತ ಶುರುವಾಗುವ ಕೋಡ್‌ಗಳು ಎಲ್ಲ ಕಂಪನಿಗೂ ಒಂದೇ. ಪಿ1 ಅಂತ ಶುರುವಾದರೆ ಅದು ಆಯಾ ಕಂಪನಿಯ ಸ್ವಂತ ಭಾಷೆ, ಅದರ ಅರ್ಥ ಕಂಪನಿಯ ಮ್ಯಾನ್ಯುಯಲ್‌ನಲ್ಲಿರುತ್ತದೆ. ಏರ್‌ಬ್ಯಾಗ್, ಎಬಿಎಸ್, ಗೇರ್‌ಬಾಕ್ಸ್, ಎಸಿ ಇವುಗಳ ಒಳಗೆ ಇಣುಕಲು ಕಂಪನಿಯ ಟೂಲ್ ಬೇಕು, ಇಲ್ಲವೇ ಲಾಂಚ್, ಆಟೆಲ್ ಥರದ ದುಬಾರಿ ಸ್ಕ್ಯಾನರ್ ಕೊಂಡು ವರ್ಷ ವರ್ಷ ಅಪ್‌ಡೇಟ್‌ಗೆ ಕಾಸು ಕಟ್ಟುತ್ತಿರಬೇಕು. ಅವುಗಳಿಗೂ ಎಲ್ಲ ಕಾರಿನ ಎಲ್ಲ ಕೆಲಸ ಬರುವುದಿಲ್ಲ.

ಓದುವುದು ಒಂದು, ಬರೆಯುವುದು ಇನ್ನೊಂದು. ಕೀ ಕಳೆದುಹೋದರೆ ಹೊಸ ಕೀಯ ಚಿಪ್ಪನ್ನು ಕಾರಿಗೆ ಪರಿಚಯಿಸಬೇಕು, ಅದಕ್ಕೆ ಸೆಕ್ಯುರಿಟಿ ಕೋಡ್ ಬೇಕು. ಆಡಿಯಂಥ ಕಾರುಗಳಲ್ಲಿ ಕೆಲವು ಎಲೆಕ್ಟ್ರಾನಿಕ್ ಭಾಗಗಳನ್ನು ಇನ್ನೊಂದು ಕಾರಿನಿಂದ ತೆಗೆದು ಹಾಕಿದರೆ, ಕಂಪನಿಯ ಸರ್ವರ್ ಒಪ್ಪಿಗೆ ಕೊಡುವ ತನಕ ಅವು ಸರಿಯಾಗಿ ಕೆಲಸ ಮಾಡುವುದೇ ಇಲ್ಲ. ಭಾಗ ಅಸಲಿಯೇ, ಚೆನ್ನಾಗಿಯೇ ಇದೆ, ಆದರೂ ನಡೆಯಲ್ಲ. ಗುಜರಿಯ ಅರ್ಥಶಾಸ್ತ್ರವೇ ಇಲ್ಲಿಗೆ ಮುಗಿಯಿತು. ಕಂಪನಿಗಳು ಇದಕ್ಕೆ ಕೊಡುವ ಕಾರಣ ಕಳ್ಳತನ ತಡೆ ಮತ್ತು ಸೈಬರ್ ಸುರಕ್ಷತೆ. ಅದು ಪೂರ್ತಿ ನೆಪವೂ ಅಲ್ಲ. 2015ರಲ್ಲಿ ಇಬ್ಬರು ಸಂಶೋಧಕರು ಅಮೆರಿಕದಲ್ಲಿ ಓಡುತ್ತಿದ್ದ ಜೀಪ್ ಒಂದನ್ನು ಇಂಟರ್ನೆಟ್ ಮೂಲಕವೇ ಹಿಡಿತಕ್ಕೆ ತೆಗೆದುಕೊಂಡು ತೋರಿಸಿದ ಮೇಲೆ 14 ಲಕ್ಷ ವಾಹನಗಳನ್ನು ರೀಕಾಲ್ ಮಾಡಬೇಕಾಯಿತು. ಪ್ರಶ್ನೆ ಬೀಗ ಇರಬೇಕೋ ಬೇಡವೋ ಅನ್ನುವುದಲ್ಲ. ಕಾರಿಗೆ ಲಕ್ಷಗಟ್ಟಲೆ ಕೊಟ್ಟವರಿಗೆ, ಅವರು ನಂಬಿದ ಮೆಕ್ಯಾನಿಕ್‌ಗೆ ಆ ಬೀಗದ ಕೀ ಯಾಕಿಲ್ಲ ಅನ್ನುವುದು.

ಸಾಫ್ಟ್‌ವೇರ್ ಅಲ್ಲದ ಬೀಗಗಳೂ ಇವೆ. ಹಿಂದೆ ಬಲ್ಬ್ ಹೋದರೆ ಬಲ್ಬ್ ಹಾಕುತ್ತಿದ್ದೆವು. ಈಗ ಹಲವು ಎಲ್‌ಇಡಿ ಹೆಡ್‌ಲೈಟ್‌ಗಳನ್ನು ಸೀಲ್ ಮಾಡಿರುವುದರಿಂದ ಇಡೀ ಹೆಡ್‌ಲೈಟನ್ನೇ ಬದಲಾಯಿಸಬೇಕು. ಬೇರಿಂಗ್ ಹೋದರೆ ಹಬ್ ಸಮೇತ. ಮುಂದಿನ ಗಾಜಿನ ಹಿಂದೆ ಕ್ಯಾಮೆರಾ ಇರುವ ಕಾರಿನಲ್ಲಿ ಗಾಜು ಹಾಕಿದ ಮೇಲೆ ಕ್ಯಾಮೆರಾವನ್ನು ಮತ್ತೆ ಹೊಂದಿಸಬೇಕು.

2014ರಲ್ಲೇ ಬಂದ ಆದೇಶ

ಇದನ್ನು ಪ್ರಶ್ನಿಸಿದವರೇ ಇಲ್ಲ ಅಂದುಕೊಂಡರೆ ತಪ್ಪು. 2011ರ ಜನವರಿಯಲ್ಲಿ ಶಂಶೇರ್ ಕಟಾರಿಯಾ ಎಂಬುವವರು ಹೋಂಡಾ, ಫೋಕ್ಸ್‌ವ್ಯಾಗನ್, ಫಿಯಟ್ ವಿರುದ್ಧ ಭಾರತೀಯ ಸ್ಪರ್ಧಾ ಆಯೋಗಕ್ಕೆ ದೂರು ಕೊಟ್ಟರು. ಈ ಕಂಪನಿಗಳು ಬಿಡಿಭಾಗಗಳನ್ನೂ ಡಯಾಗ್ನೋಸ್ಟಿಕ್ ಟೂಲ್‌ಗಳನ್ನೂ ಹೊರಗಿನ ಗ್ಯಾರೇಜ್‌ಗಳಿಗೆ ಕೊಡುತ್ತಿಲ್ಲ ಅನ್ನುವುದು ದೂರು. ತನಿಖೆ ಶುರುವಾದ ಮೇಲೆ ಇದು ಮೂರು ಕಂಪನಿಯ ಕಥೆಯಲ್ಲ, ಇಡೀ ಉದ್ಯಮದ ಪದ್ಧತಿ ಅನ್ನುವುದು ಗೊತ್ತಾಯಿತು.

2014ರ ಆಗಸ್ಟ್ 25ರಂದು ಆಯೋಗ 14 ಕಂಪನಿಗಳಿಗೆ ಒಟ್ಟು 2,544 ಕೋಟಿ ರೂಪಾಯಿಗೂ ಹೆಚ್ಚು ದಂಡ ಹಾಕಿತು. ಸರಾಸರಿ ವಹಿವಾಟಿನ ಶೇ. 2 ಅನ್ನುವುದು ಲೆಕ್ಕ. ಟಾಟಾ ಮೋಟಾರ್ಸ್‌ಗೆ 1,346 ಕೋಟಿ, ಮಾರುತಿಗೆ 471 ಕೋಟಿ, ಮಹೀಂದ್ರಾಗೆ 292 ಕೋಟಿ. ಕೆಂಗೇರಿಯಿಂದ ಅದೇ ಮೈಸೂರು ರಸ್ತೆಯಲ್ಲಿ ಮುಂದೆ ಹೋದರೆ ಸಿಗುವ ಬಿಡದಿಯಲ್ಲಿ ಕಾರ್ಖಾನೆ ಇರುವ ಟೊಯೊಟಾ ಕಿರ್ಲೋಸ್ಕರ್‌ಗೆ 93 ಕೋಟಿ.

ದಂಡಕ್ಕಿಂತ ಆದೇಶದ ತರ್ಕ ಮುಖ್ಯ. ಕಾರು ಕೊಳ್ಳುವಾಗ ನಿಮಗೆ ಹತ್ತು ಕಂಪನಿಗಳ ಆಯ್ಕೆ ಇದೆ. ಕೊಂಡ ಮೇಲೆ, ಆ ಕಾರಿನ ಬಿಡಿಭಾಗದ ಮಟ್ಟಿಗೆ ನಿಮಗಿರುವುದು ಒಂದೇ ಕಂಪನಿ. ನೀವು ಸಿಕ್ಕಿಹಾಕಿಕೊಂಡಿರಿ ಅಂತಲೇ ಲೆಕ್ಕ. ಆ ಮಾರುಕಟ್ಟೆಯಲ್ಲಿ ಪ್ರತಿ ಕಂಪನಿಯೂ ಏಕಸ್ವಾಮಿ. ಬಿಡಿಭಾಗ ತಯಾರಿಸುವವರು ಅದನ್ನು ನೇರವಾಗಿ ಹೊರಗೆ ಮಾರದಂತೆ ಕಂಪನಿಗಳು ಒಪ್ಪಂದ ಮಾಡಿಕೊಂಡಿದ್ದವು. ಕೆಲವು ಬಿಡಿಭಾಗಗಳ ಮೇಲೆ ಕಂಪನಿಗಳು ಇಟ್ಟುಕೊಂಡ ಲಾಭಾಂಶ ಶೇ. 100ರಿಂದ ಸುಮಾರು ಶೇ. 5,000ದವರೆಗೂ ಇತ್ತು ಅಂತ ತನಿಖೆ ಹೇಳಿತು. ಬೌದ್ಧಿಕ ಆಸ್ತಿ, ಸುರಕ್ಷತೆ, ನಕಲಿ ಮಾಲಿನ ಹಾವಳಿ ಅಂತ ಕಂಪನಿಗಳು ಮಂಡಿಸಿದ ವಾದಗಳನ್ನು ಆಯೋಗ ಒಪ್ಪಲಿಲ್ಲ. ಬಿಡಿಭಾಗ ಮತ್ತು ಟೂಲ್‌ಗಳು ಹೊರಗಿನ ಗ್ಯಾರೇಜ್‌ಗಳಿಗೆ ಸಿಗುವಂತೆ ಮಾಡಿ, ತಯಾರಕರು ಮುಕ್ತವಾಗಿ ಮಾರಲು ಬಿಡಿ ಎಂದು ಆದೇಶಿಸಿತು.

ಆಮೇಲೆ ಆದದ್ದು ನಮ್ಮ ದೇಶದಲ್ಲಿ ಆಗುವಂಥದ್ದೇ. ಟೊಯೊಟಾ, ಫೋರ್ಡ್, ನಿಸಾನ್ ಮೇಲ್ಮನವಿಗೆ ಹೋದವು. 2016ರ ಡಿಸೆಂಬರ್‌ನಲ್ಲಿ ಮೇಲ್ಮನವಿ ನ್ಯಾಯಮಂಡಳಿ ತಪ್ಪು ನಡೆದಿರುವುದನ್ನು ಎತ್ತಿಹಿಡಿಯಿತು, ದಂಡದ ಲೆಕ್ಕವನ್ನು ಮಾತ್ರ ಒಟ್ಟು ವಹಿವಾಟಿನಿಂದ ಬಿಡಿಭಾಗದಂಥ ಆಫ್ಟರ್‌ಮಾರ್ಕೆಟ್ ವಹಿವಾಟಿಗೆ ಇಳಿಸಿತು. ಇನ್ನು ಕೆಲವು ಕಂಪನಿಗಳು ಸ್ಪರ್ಧಾ ಕಾಯ್ದೆಯ ಸಾಂವಿಧಾನಿಕತೆಯನ್ನೇ ದೆಹಲಿ ಹೈಕೋರ್ಟ್‌ನಲ್ಲಿ ಪ್ರಶ್ನಿಸಿದವು. 2019ರ ಏಪ್ರಿಲ್‌ನಲ್ಲಿ ಬಂದ ತೀರ್ಪು ಕಾಯ್ದೆಯ ಬಹುಪಾಲನ್ನು ಉಳಿಸಿತು. ಈ ನಡುವೆ ಬಿಎಸ್-4 ಹೋಗಿ ಬಿಎಸ್-6 ಬಂತು. ಬೀಗಗಳು ಇನ್ನೂ ಗಟ್ಟಿಯಾದವು.

ಹೊರಗೆ ಮಾಡಿಸಿದರೆ ವಾರಂಟಿ ಹೋಗತ್ತಾ?

ಈ ಭಯ ಒಂದೇ ಸಾಕು, ಜನ ಗ್ಯಾರೇಜ್ ಕಡೆ ತಲೆ ಹಾಕಲ್ಲ. ಹೊರಗಿನ ಮೆಕ್ಯಾನಿಕ್ ಮುಟ್ಟಿದ ಅನ್ನುವ ಒಂದೇ ಕಾರಣಕ್ಕೆ ಇಡೀ ವಾರಂಟಿ ರದ್ದು ಅನ್ನುವ ಷರತ್ತು ಹಾಕಬೇಡಿ ಅಂತ ಇದೇ 2014ರ ಆದೇಶ ಕಂಪನಿಗಳಿಗೆ ಹೇಳಿದೆ. ಹೊರಗಿನ ರಿಪೇರಿ ಸರಿಯಿಲ್ಲದೆ ಹಾನಿಯಾಗಿದ್ದರೆ ಆ ಹಾನಿಯ ಮಟ್ಟಿಗೆ ವಾರಂಟಿ ನಿರಾಕರಿಸಬಹುದು. ಬ್ರೇಕ್ ಪ್ಯಾಡ್ ಹೊರಗೆ ಹಾಕಿಸಿದಿರಿ ಅಂತ ಎಸಿಯ ವಾರಂಟಿ ಕಿತ್ತುಕೊಳ್ಳುವುದು ಈ ತತ್ವಕ್ಕೆ ವಿರುದ್ಧ. ಕೌಂಟರಿನಲ್ಲಿ ನಿಂತು ಇದನ್ನು ಕೇಳಿ, ಉತ್ತರವನ್ನು ಇಮೇಲ್‌ನಲ್ಲಿ ಕೊಡಿ ಅನ್ನಿ. ಗ್ಯಾರೇಜಿನಿಂದ ಬಿಲ್ ತಗೊಳ್ಳಿ, ಬಿಚ್ಚಿದ ಹಳೆ ಪಾರ್ಟ್ ವಾಪಸ್ ತಗೊಳ್ಳಿ, ಸ್ಕ್ಯಾನರ್ ತೋರಿಸಿದ ಕೋಡಿನ ಫೋಟೊ ಇಟ್ಟುಕೊಳ್ಳಿ. ತಕರಾರಾದರೆ 1915 ಗ್ರಾಹಕ ಸಹಾಯವಾಣಿ ಇದೆ, ಆಮೇಲೆ ಜಿಲ್ಲಾ ಗ್ರಾಹಕ ಆಯೋಗ.

ರಿಪೇರಿ ಹಕ್ಕು, ಬೇರೆಡೆ ಮತ್ತು ಇಲ್ಲಿ

ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದಲ್ಲಿ ಜನ 2012ರಲ್ಲಿ ಮತ ಹಾಕಿ ಕಾರು ರಿಪೇರಿ ಹಕ್ಕನ್ನು ತಂದರು. ಕಂಪನಿಗಳು ಮಾಹಿತಿಯನ್ನು ವೈರ್‌ಲೆಸ್ ಮೂಲಕ ತಮ್ಮ ಸರ್ವರ್‌ಗೇ ಎಳೆದುಕೊಳ್ಳಲು ಶುರುಮಾಡಿದಾಗ, 2020ರಲ್ಲಿ ಮತ್ತೆ ಮತ ಹಾಕಿದರು. ಸುಮಾರು ಮುಕ್ಕಾಲು ಪಾಲು ಜನ ಹೌದು ಅಂದರು. ಯುರೋಪಿನಲ್ಲಿ 2007ರಿಂದಲೇ ಹೊರಗಿನ ಗ್ಯಾರೇಜ್‌ಗಳಿಗೆ ರಿಪೇರಿ ಮಾಹಿತಿ ಕೊಡಬೇಕೆಂಬ ನಿಯಮವಿದೆ. ಆಸ್ಟ್ರೇಲಿಯಾದಲ್ಲಿ 2022ರ ಜುಲೈನಿಂದ ಇಂಥದ್ದೇ ಕಾನೂನು ಜಾರಿಯಲ್ಲಿದೆ: ದುಡ್ಡು ತಗೊಳ್ಳಿ, ಆದರೆ ನಿಮ್ಮ ಡೀಲರ್‌ಗೆ ಕೊಡುವ ಮಾಹಿತಿಯನ್ನು ಗ್ಯಾರೇಜ್‌ಗೂ ಕೊಡಿ.

ಭಾರತದಲ್ಲಿ ಗ್ರಾಹಕ ವ್ಯವಹಾರಗಳ ಇಲಾಖೆ 2022ರ ಜುಲೈನಲ್ಲಿ ನಿಧಿ ಖರೆ ಅಧ್ಯಕ್ಷತೆಯಲ್ಲಿ ಸಮಿತಿ ಮಾಡಿತು. ಕೃಷಿ ಉಪಕರಣ, ಮೊಬೈಲ್, ಗೃಹೋಪಯೋಗಿ ವಸ್ತು ಮತ್ತು ವಾಹನ ಈ ನಾಲ್ಕು ವಲಯಗಳನ್ನು ಗುರುತಿಸಿತು. ಅದೇ ಡಿಸೆಂಬರ್‌ನಲ್ಲಿ ರಿಪೇರಿ ಹಕ್ಕಿನ ಪೋರ್ಟಲ್ ಬಂತು. ಪೋರ್ಟಲ್ ಒಳ್ಳೆಯದೇ, ಆದರೆ ಕಂಪನಿಗಳು ತಾವಾಗಿ ಹಾಕಿದ ಮಾಹಿತಿ ತೋರಿಸುವ ಜಾಲತಾಣ ಕಾನೂನಲ್ಲ. 'ಇದು ಎಷ್ಟು ರಿಪೇರಿ ಆಗಬಲ್ಲದು' ಎಂದು ಅಂಕ ಕೊಡುವ ಸೂಚ್ಯಂಕದ ವರದಿ 2025ರ ಮೇನಲ್ಲಿ ಸಲ್ಲಿಕೆಯಾಯಿತು, ಮೊಬೈಲ್ ಮತ್ತು ಎಲೆಕ್ಟ್ರಾನಿಕ್ಸ್‌ಗೆ ಮಾತ್ರ.

ಎಲೆಕ್ಟ್ರಿಕ್ ವಾಹನಗಳ ವಿಷಯದಲ್ಲಿ ಇದು ಇನ್ನೂ ತುರ್ತಿನದು. ರಿಪೇರಿ ಕಂಪನಿಯ ಕೈಯಲ್ಲಷ್ಟೇ ಉಳಿದರೆ ಏನಾಗುತ್ತದೆ ಅನ್ನುವುದಕ್ಕೆ ಬೆಂಗಳೂರಿನದೇ ಉದಾಹರಣೆ ಇದೆ. 2023ರ ಸೆಪ್ಟೆಂಬರ್‌ನಿಂದ ಒಂದು ವರ್ಷದಲ್ಲಿ ಓಲಾ ಎಲೆಕ್ಟ್ರಿಕ್ ವಿರುದ್ಧ ರಾಷ್ಟ್ರೀಯ ಸಹಾಯವಾಣಿಗೆ 10,644 ದೂರುಗಳು ಬಂದವು, 2024ರ ಅಕ್ಟೋಬರ್‌ನಲ್ಲಿ ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ ನೋಟಿಸ್ ಕೊಟ್ಟಿತು. ಶೇ. 99ರಷ್ಟು ದೂರು ಬಗೆಹರಿಸಿದ್ದೇವೆ ಅಂತ ಕಂಪನಿ ಹೇಳಿತು. ಅದೇ ಸಮಯದಲ್ಲಿ ಹೊರಗಿನ 1 ಲಕ್ಷ ಮೆಕ್ಯಾನಿಕ್‌ಗಳಿಗೆ ತರಬೇತಿ ಕೊಡುವುದಾಗಿಯೂ ಘೋಷಿಸಿತು. ಅಂದರೆ ಕೊನೆಗೆ ನೆನಪಾದವರು ಬೀದಿ ಬದಿಯ ಗ್ಯಾರೇಜಿನವರೇ.

ಯಾರಿಗೆ ನಷ್ಟ?

ಹೊಸ ಕಾರು ಕೊಂಡು ಐದು ವರ್ಷಕ್ಕೆ ಮಾರುವವರಿಗೆ ಇದು ಅಷ್ಟಾಗಿ ತಟ್ಟುವುದಿಲ್ಲ, ವಾರಂಟಿ ಇರುತ್ತದೆ. ತಟ್ಟುವುದು ಅವರಿಂದ ಸೆಕೆಂಡ್ ಹ್ಯಾಂಡ್ ಕೊಳ್ಳುವವರಿಗೆ. ಬಿಎಸ್-6ರ ಮೊದಲ ಕಾರುಗಳು ಈಗ ಅವರ ಕೈಗೆ ಬರುತ್ತಿವೆ. ಸಾಲ ಮಾಡಿ ಹಳದಿ ಬೋರ್ಡ್ ಗಾಡಿ ಓಡಿಸುವವರಿಗೆ ಶೋರೂಮಿನ ಬಿಲ್ ಒಂದು ಕಡೆ, ಗಾಡಿ ಅಲ್ಲಿ ಮೂರು ದಿನ ನಿಂತರೆ ಮೂರು ದಿನದ ದುಡಿಮೆ ಹೋಯಿತು, ಇಎಂಐ ಮಾತ್ರ ನಿಲ್ಲಲ್ಲ. ಇನ್ನು ಗ್ಯಾರೇಜಿನವರು. ಎಂಜಿನ್ ಕೆಲಸ ಕೈತಪ್ಪಿದರೆ ಉಳಿಯುವುದು ವಾಟರ್ ವಾಶ್, ಟಿಂಕರಿಂಗ್, ಆಯಿಲ್ ಚೇಂಜ್. ಇಪ್ಪತ್ತು ವರ್ಷದ ಅನುಭವಕ್ಕೆ ಅಷ್ಟೇ ಬೆಲೆ.

ಮಾಲಿನ್ಯ ನಿಯಮ, ಸ್ಪರ್ಧಾ ಕಾನೂನು ಕೇಂದ್ರದ ಕೈಯಲ್ಲಿವೆ ನಿಜ, ಆದರೆ ರಾಜ್ಯದ ಕೈ ಖಾಲಿ ಇಲ್ಲ. ಚಾಲಕರ ಜೊತೆಗೆ ಗ್ಯಾರೇಜ್ ಮೆಕ್ಯಾನಿಕ್‌ಗಳನ್ನೂ ಒಳಗೊಂಡ ಮೋಟಾರು ಸಾರಿಗೆ ಮತ್ತು ಇತರ ಸಂಬಂಧಿತ ಕಾರ್ಮಿಕರ ಸಾಮಾಜಿಕ ಭದ್ರತೆ ಮತ್ತು ಕಲ್ಯಾಣ ಕಾಯ್ದೆಯನ್ನು ಕರ್ನಾಟಕ 2024ರಲ್ಲಿ ಜಾರಿಗೆ ತಂದಿತು. ಅದರ ನಿಧಿಗಾಗಿ ಹೊಸ ಬೈಕ್ ನೋಂದಣಿ ಮೇಲೆ 500, ಕಾರಿನ ಮೇಲೆ 1,000 ರೂಪಾಯಿ ಸೆಸ್ ಹಾಕುವ ತಿದ್ದುಪಡಿಗೆ ಅದೇ ಡಿಸೆಂಬರ್‌ನಲ್ಲಿ ವಿಧಾನಮಂಡಲ ಒಪ್ಪಿತು. ಅಪಘಾತ ಪರಿಹಾರ, ಮಕ್ಕಳ ಓದಿಗೆ ನೆರವು ಬೇಕೇ ಬೇಕು. ಅದರ ಜೊತೆಗೆ ಇನ್ನೊಂದನ್ನು ಕೇಳಬಹುದು. ಒಬ್ಬ ಮೆಕ್ಯಾನಿಕ್‌ಗೆ ಒಳ್ಳೆಯ ಸ್ಕ್ಯಾನರ್ ಕೊಳ್ಳೋಕೆ ಆಗಲ್ಲ, ಐವತ್ತು ಜನರ ನಡುವೆ ಒಂದು ಇದ್ದರೆ ಸಾಕು. ರಾಜಾಜಿನಗರ ಇಂಡಸ್ಟ್ರಿಯಲ್ ಎಸ್ಟೇಟ್‌ನಲ್ಲೇ ಸರ್ಕಾರದ ಜಿಟಿಟಿಸಿ ಇದೆ. ಟಾಟಾ ಟೆಕ್ನಾಲಜೀಸ್ ಜೊತೆ ಸೇರಿ 150 ಸರ್ಕಾರಿ ಐಟಿಐಗಳನ್ನು ಮೇಲ್ದರ್ಜೆಗೆ ಏರಿಸಲಾಗಿದೆ. ಹಗಲು ವಿದ್ಯಾರ್ಥಿಗಳು ಬಳಸುವ ಆ ಉಪಕರಣಗಳನ್ನು ಸಂಜೆ ಆರರ ಮೇಲೆ ಕಾಮಾಕ್ಷಿಪಾಳ್ಯದ ಉಸ್ತಾದರಿಗೆ, ಕನ್ನಡದಲ್ಲೇ ಹೇಳಿಕೊಡುವ ಒಂದು ಕೋರ್ಸ್ ಜೊತೆ ತೆರೆದಿಡಲು ದೆಹಲಿಯ ಯಾವ ಆದೇಶವೂ ಬೇಕಿಲ್ಲ.